ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರುವುದು

(ಮಹಿಳಾ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ವೈದ್ಯೆಯೊಬ್ಬರು ಮಾಡಿದ ಭಾಷಣ)



ಹಸು ಬೆದೆಗೆ ಬಂದರೆ, ಕೆಚ್ಚಲು ಬಿಸಿಯಾದರೆ ನೀವು ಕೂಡಲೇ ಗುರುತಿಸಿ ಪಶುವೈದ್ಯರಿಗೆ ಹೇಳಿಕಳಿಸುತ್ತೀರಿ. ನಿಮ್ಮ ಮೈಯ ತೊಂದರೆಯನ್ನು ಮಾತ್ರ ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತೀರಿ. ಅಂಥ ಒಂದು ತೊಂದರೆಯ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ನಮ್ಮಲ್ಲಿ ಬಹಳ ಹೆಂಗಸರಿಗೆ 45ರಿಂದ 50 ವರ್ಷದೊಳಗೆ ಮುಟ್ಟು ನಿಲ್ಲುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಿತೆಂದು ತಿಳಿಯಬೇಕು. ಅದಕ್ಕೂ ಮೊದಲೇ ಈಸ್ಟ್ರೋಜನ್ ಎಂಬ ಹಾರ್ಮೋನು ಏರುಪೇರಾಗಿ ಕಡಿಮೆಯಾಗತೊಡಗುತ್ತದೆ. ಮೈಯ ಶಾಖವನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗ ಆಗ ಸ್ವಲ್ಪ ಶಾಖ ಹೆಚ್ಚಿದರೂ ತಡೆಯುವುದಿಲ್ಲ. ಎದೆ, ಕತ್ತು, ಮುಖಕ್ಕೆ ಬಿಸಿಯೇರಿ, ಎದೆ ಡವಗುಟ್ಟಿ, ಬೆವರು ಕಿತ್ತು ಬರುತ್ತದೆ, ಆಮೇಲೆ ಚಳಿಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಇದು ಇಳಿಯುತ್ತದೆ, ಆದರೆ ಮತ್ತೆ ಮತ್ತೆ ಬರುತ್ತದೆ. ಕೆಲವರಿಗೆ ಏಳೆಂಟು ವರ್ಷವೂ ಕಾಡಬಹುದು. ಇದು ಗಾಳಿ ಸೋಕಿದ್ದಲ್ಲ, ಕೆಲಸಗಳ್ಳತನವೂ ಅಲ್ಲ.

ಮನೆಯಲ್ಲಿ ಹೀಗೆ ಮಾಡಿ:

1. ಸಡಿಲವಾದ ಹತ್ತಿ ಬಟ್ಟೆ ಉಡಿ. ಗಾಳಿಯಾಡುವ ಕಡೆ ಮಲಗಿ.

2. ಮೇವು ಕೊಯ್ಯುವ ಕೆಲಸವನ್ನು ಬಿಸಿಲೇರುವ ಮುನ್ನ ಮುಗಿಸಿ. ಒಲೆಯ ಮುಂದೆ ಬಹಳ ಹೊತ್ತು ಕೂರಬೇಡಿ.

3. ಬಿಸಿಯೇರುವ ಸೂಚನೆ ಕಂಡರೆ ಕುಳಿತು ನಿಧಾನವಾಗಿ ಉಸಿರಾಡಿ; ತಣ್ಣೀರು ಕುಡಿದು ಮುಖ ತೊಳೆಯಿರಿ.

4. ಬಿಸಿ ಕಾಫಿ, ಖಾರ ತಿಂದ ಮೇಲೆ ಹೆಚ್ಚಾಗುವುದಾದರೆ ಅವನ್ನು ಕಡಿಮೆ ಮಾಡಿ.

ನಿದ್ದೆ ಕೆಡುವಷ್ಟು ತೊಂದರೆಯಾದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಹಾರ್ಮೋನು ಮಾತ್ರೆಯಿಂದ ಒಳ್ಳೆಯ ಗುಣ ಸಿಗುತ್ತದೆ. ಆದರೆ ಸ್ತನದ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ರೋಗವಿರುವವರಿಗೆ ಅದು ಸಲ್ಲದು. ಅಂಥವರಿಗೆ ಬೇರೆ ಔಷಧಿಗಳಿವೆ. ಅಂಗಡಿಯಿಂದ ನೀವೇ ಕೊಂಡು ನುಂಗಬೇಡಿ.

ಇನ್ನೊಂದು ಮಾತು. ಬಿಸಿಯೇರುತ್ತದೆಂದು ಗರ್ಭಕೋಶ ತೆಗೆಸಿಕೊಳ್ಳಬೇಡಿ. ಅದರ ಜೊತೆಗೆ ಅಂಡಾಶಯವನ್ನೂ ತೆಗೆದರೆ ಈ ಕಾಟ ಒಮ್ಮೆಲೇ ಜೋರಾಗುತ್ತದೆ. ಯಾರಾದರೂ ಆಪರೇಷನ್ ಎಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ.

ಎಲ್ಲ ಬಿಸಿಯೂ ಮುಟ್ಟು ನಿಲ್ಲುವುದರದ್ದಲ್ಲ. ರಾತ್ರಿ ಬೆವರುವುದರ ಜೊತೆಗೆ ಜ್ವರ ಬಂದು ಹೋಗುತ್ತಿದ್ದರೆ, ಕೀಲುನೋವಿದ್ದರೆ, ತೂಕ ಇಳಿಯುತ್ತಿದ್ದರೆ ಅದು ಕ್ಷಯವೋ ಬ್ರುಸೆಲ್ಲೋಸಿಸ್ಸೋ ಇರಬಹುದು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದ, ಹಸಿ ಹಾಲು ಕುಡಿಯುವುದರಿಂದ ಬ್ರುಸೆಲ್ಲೋಸಿಸ್ ನಮಗೂ ಅಂಟುತ್ತದೆ. ಕೈಗವಸು ಹಾಕಿಕೊಳ್ಳಿ, ಹಾಲು ಕಾಯಿಸಿ ಕುಡಿಯಿರಿ, 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಿ. ವೈದ್ಯರ ಬಳಿ ಹೋದಾಗ ಮನೆಯಲ್ಲಿ ದನಕರು ಇರುವುದನ್ನು ಹೇಳಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡಮಾಡದೆ ತೋರಿಸಿ.

ಕೊನೆಯದಾಗಿ, ಈಸ್ಟ್ರೋಜನ್ ಕಡಿಮೆಯಾದಂತೆ ಮೂಳೆ ಸವೆಯುತ್ತದೆ. ಹಾಲು ಈ ಬಿಸಿಯನ್ನು ಇಳಿಸುವುದಿಲ್ಲ, ಆದರೆ ಮೂಳೆಗೆ ಸುಣ್ಣದ ಅಂಶ ಕೊಡುತ್ತದೆ. ಕರೆದದ್ದನ್ನೆಲ್ಲ ಡೇರಿಗೆ ಹಾಕಿ ನೀವು ಬರೀ ಟೀ ಕುಡಿಯಬೇಡಿ. ನಿಮ್ಮ ಪಾಲಿಗೆಂದು ದಿನಕ್ಕೆ ಎರಡು ಲೋಟ ಹಾಲೋ ಮಜ್ಜಿಗೆಯೋ ಉಳಿಸಿಕೊಳ್ಳಿ. ರಾಗಿ, ಸೊಪ್ಪು ತಿನ್ನಿ.

ಈ ವಿಷಯವನ್ನು ಮನೆಯ ಗಂಡಸರಿಗೂ ತಿಳಿಸಿ.