ಹೊಲದ ಹಸಿರಿಗೆ ಬೆಲೆ: ಕರಾರಿಗೆ ಸಹಿ ಮಾಡುವ ಮುನ್ನ
(ಸಾಲಗುಂದದಲ್ಲಿ ರೈತರ ಮುಂದೆ ಮಾಡಿದ ಭಾಷಣದ ಪಾಠ)



ಸಾಲಗುಂದದ ಸುತ್ತಮುತ್ತ ಬೇಸಾಯವೆಂದರೆ ಭತ್ತ, ಭತ್ತವೆಂದರೆ ಎಡದಂಡೆ ಕಾಲುವೆ ಎಂಬಂತಾಗಿದೆ. ತುಂಗಭದ್ರಾ ಜಲಾಶಯವು 1953ರಲ್ಲಿ ನೀರು ಕೊಡಲಾರಂಭಿಸಿತು. ಕಾಲುವೆ ಈ ಭಾಗಕ್ಕೆ ಬಂದ ನಂತರ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲಗಳು ಒಂದೊಂದಾಗಿ ಗದ್ದೆಗಳಾದವು. ಮಡಿ ಮಾಡುವಾಗ ಬದುವಿನ ಬನ್ನಿ, ಬೇವು, ಜಾಲಿ ಮರಗಳು ಹೋದವು. ನೀರು ಹೆಚ್ಚಾಗಿ ನಿಂತ ಕಡೆ ಭೂಮಿ ಸವಳಾಯಿತು, ಜವಳಾಯಿತು. ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ಸುಮಾರು 96,000 ಹೆಕ್ಟೇರ್ ಭೂಮಿ ಹೀಗೆ ಕೆಟ್ಟಿದೆಯೆಂದು ಅಂದಾಜು ಮಾಡಲಾಗಿದೆ.

ಇಂತಹ ಭೂಮಿಯುಳ್ಳ ರೈತನಿಗೆ ಯಾರಾದರೂ ಬಂದು, "ಬೆಳೆ ಬಾರದ ಹೊಲವನ್ನು ಹಸಿರಿಗೆ ಬಿಡು, ಅದರ ಕ್ರೆಡಿಟ್ಟನ್ನು ಸರಕಾರ ಕೊಳ್ಳುತ್ತದೆ" ಎಂದರೆ ಆಸೆಯಾಗುವುದು ಸಹಜ. ಆದರೆ ಕ್ರೆಡಿಟ್ ಎಂದರೇನು, ಅದನ್ನು ಕೊಳ್ಳುವವರಾರು, ರೈತನಿಗೆ ಬರುವುದೆಷ್ಟು, ಅವನ ಕೈಯಿಂದ ಹೋಗುವುದೇನು ಎಂಬ ನಾಲ್ಕು ಮಾತುಗಳನ್ನು ತಿಳಿಯದೆ ಹೆಬ್ಬೆಟ್ಟನ್ನಾಗಲಿ ಸಹಿಯನ್ನಾಗಲಿ ಹಾಕತಕ್ಕದ್ದಲ್ಲ.

ಕ್ರೆಡಿಟ್ ಎಂದರೇನು?

ರಸ್ತೆ, ಗಣಿ, ಕಾರ್ಖಾನೆ, ಬಡಾವಣೆ ಮಾಡುವಾಗ ಒಂದು ಕಡೆಯ ಗಿಡಮರ, ಹುಲ್ಲು, ಹಕ್ಕಿ, ಪ್ರಾಣಿಗಳ ನೆಲೆ ನಾಶವಾಗುತ್ತದೆ. ಆ ನಷ್ಟಕ್ಕೆ ಬದಲಾಗಿ ಇನ್ನೊಂದು ಕಡೆ ಅಂತಹದೇ ನೆಲೆಯನ್ನು ಕಾಪಾಡಿ ಬೆಳೆಸಬೇಕೆಂದು ಕಾನೂನು ಹೇಳಿದಾಗ, ಹಾಗೆ ಕಾಪಾಡಿದ್ದನ್ನು ಅಳೆದು ಲೆಕ್ಕಕ್ಕೆ ಜಮೆ ಮಾಡುತ್ತಾರೆ. ಈ ಜಮೆಯ ಒಂದೊಂದು ಅಂಶವೇ ಜೀವವೈವಿಧ್ಯ ಕ್ರೆಡಿಟ್. ನಾಶಮಾಡುವವನು ಕೊಳ್ಳುತ್ತಾನೆ, ಕಾಪಾಡುವ ಭೂಮಾಲೀಕನು ಮಾರುತ್ತಾನೆ.

ಇದು ಕಾರ್ಬನ್ ಕ್ರೆಡಿಟ್ ಅಲ್ಲವೆಂಬುದನ್ನೂ ಗಮನಿಸಬೇಕು. ಭತ್ತದ ಗದ್ದೆಯಲ್ಲಿ ನೀರನ್ನು ಸದಾ ನಿಲ್ಲಿಸದೆ, ಒಣಗಿಸಿ ಮತ್ತೆ ಹಾಯಿಸಿದರೆ ಮೀಥೇನ್ ಅನಿಲ ಕಡಿಮೆಯಾಗುತ್ತದೆ. ಆ ಉಳಿತಾಯದ ಲೆಕ್ಕ ಕಾರ್ಬನ್ ಕ್ರೆಡಿಟ್ಟಿಗೆ ಸೇರಿದ್ದು. ಅದರಲ್ಲಿ ಭೂಮಿ ಬೇಸಾಯದಲ್ಲಿಯೇ ಉಳಿಯುತ್ತದೆ. ಜೀವವೈವಿಧ್ಯ ಕ್ರೆಡಿಟ್ಟಿನಲ್ಲಿ ಸಾಮಾನ್ಯವಾಗಿ ಆ ತುಂಡು ಭೂಮಿ ಬೇಸಾಯದಿಂದ ಹೊರಗೆ ಹೋಗುತ್ತದೆ. ಎರಡನ್ನೂ ಒಂದೇ ಎಂದು ಹೇಳುವವರ ಮಾತನ್ನು ನಂಬಬಾರದು.

ಸರಕಾರವೇ ಕೊಂಡು ಮಾರುವ ಪದ್ಧತಿ

ಈ ವ್ಯಾಪಾರ ಪೂರ್ಣರೂಪದಲ್ಲಿ ನಡೆದಿರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ. ಅಲ್ಲಿಯ ಜೀವವೈವಿಧ್ಯ ಸಂರಕ್ಷಣಾ ಕಾನೂನು 2016ರದು. ಅದರ ಮೇರೆಗೆ 2017ರ ಆಗಸ್ಟಿನಿಂದ ಈ ಪದ್ಧತಿ ಜಾರಿಗೆ ಬಂದಿತು. ಭೂಮಾಲೀಕನು ಸರಕಾರದ ಟ್ರಸ್ಟಿನೊಡನೆ ಕರಾರು ಮಾಡಿಕೊಳ್ಳುತ್ತಾನೆ. ಕರಾರು ಭೂದಾಖಲೆಯಲ್ಲಿ ನಮೂದಾಗುತ್ತದೆ. ಜಮೀನು ಮಾರಿದರೂ, ಮಕ್ಕಳಿಗೆ ಬಂದರೂ ಅದು ಜಮೀನಿನ ಜೊತೆಯಲ್ಲಿಯೇ ಹೋಗುತ್ತದೆ. ಅದಕ್ಕೆ ಕೊನೆಯ ವರ್ಷವೆಂಬುದಿಲ್ಲ.

ಕ್ರೆಡಿಟ್ ಮಾರಿದ ಹಣವೆಲ್ಲ ಅವನ ಕೈಗೆ ಒಮ್ಮೆಲೇ ಬರುವುದಿಲ್ಲ. ಕಳೆ ತೆಗೆಯುವುದು, ಬೇಲಿ ಕಾಯುವುದು, ಬೆಂಕಿ ತಡೆಯುವುದು ಮುಂತಾದ ಕೆಲಸಗಳಿಗೆ ಬೇಕಾದ ಮೊತ್ತವನ್ನು ಮೊದಲು ಒಂದು ನಿಧಿಯಲ್ಲಿ ಇಡುಗಂಟಾಗಿ ಇಡಲಾಗುತ್ತದೆ. ಪ್ರತಿ ವರ್ಷ ಅದರಿಂದ ನಿರ್ವಹಣೆಯ ವೆಚ್ಚ ಸಲ್ಲುತ್ತದೆ. ಉಳಿದದ್ದು ಮಾತ್ರ ಮಾಲೀಕನ ಲಾಭ. ಈ ಏರ್ಪಾಡು ರೈತರು ಗಮನಿಸಬೇಕಾದದ್ದು. ಕಾಪಾಡುವ ಖರ್ಚು ಬೆಲೆಯಲ್ಲಿ ಸೇರಿರದಿದ್ದರೆ ಆ ಖರ್ಚು ರೈತನ ಮೇಲೆಯೇ ಬೀಳುತ್ತದೆ.

ಕೊಳ್ಳುವವರಿಗೆ ಬೇಕಾದ ಜಾತಿಯ ಕ್ರೆಡಿಟ್ ಸಾಕಷ್ಟು ಸಿಗದಾದಾಗ 2022ರಲ್ಲಿ ಅಲ್ಲಿಯ ಸರಕಾರ 10 ಕೋಟಿ 67 ಲಕ್ಷ ಡಾಲರುಗಳ ಯೋಜನೆಯನ್ನು ಪ್ರಕಟಿಸಿ, ತಾನೇ ಭೂಮಾಲೀಕರಿಂದ ಕ್ರೆಡಿಟ್ ಕೊಂಡು ಅಗತ್ಯವುಳ್ಳವರಿಗೆ ಮಾರಲು ಮುಂದಾಯಿತು. ಅದೇ ವರ್ಷ ಆ ರಾಜ್ಯದ ಲೆಕ್ಕ ಪರಿಶೋಧಕರು ಇಡೀ ಪದ್ಧತಿಯನ್ನು ಪರಿಶೀಲಿಸಿ, ಅದರ ರಚನೆಯಲ್ಲಿಯೇ ಕೊರತೆಗಳಿವೆಯೆಂದು ವರದಿ ಮಾಡಿದರು. ಹಣ ಕಟ್ಟುವವರು ಇದ್ದರೂ ಅದಕ್ಕೆ ಸರಿಯಾದ ನೆಲೆ ಸಿಗದಿದ್ದರೆ, ನಾಶ ಮೊದಲು ನಡೆದು ಪರಿಹಾರ ಬಾಕಿ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 2024ರ ಫೆಬ್ರುವರಿಯಿಂದ ಕಟ್ಟಡ ಕಟ್ಟುವವರು ಕಳೆದುಕೊಂಡದ್ದಕ್ಕಿಂತ ಶೇಕಡ 10ರಷ್ಟು ಹೆಚ್ಚು ನೆಲೆಯನ್ನು ಬೆಳೆಸಿ 30 ವರ್ಷ ಕಾಪಾಡಬೇಕು. ಅಲ್ಲಿ ಸರಕಾರ ಮಾರುವ ಕ್ರೆಡಿಟ್ ಕೊನೆಯ ದಾರಿ. ಆದುದರಿಂದ ಅದರ ಬೆಲೆಯನ್ನು ಬೇಕೆಂದೇ ಹೆಚ್ಚಾಗಿ ಇಟ್ಟಿದ್ದಾರೆ.

ಭಾರತದಲ್ಲಿರುವುದೇನು?

ಭಾರತದಲ್ಲಿ ರೈತನ ಹೊಲದ ಜೀವವೈವಿಧ್ಯವನ್ನು ಹೀಗೆ ಅಳೆದು ಸರಕಾರ ಕೊಂಡು ಮಾರುವ ಪದ್ಧತಿ ಇಲ್ಲ. ಅದರ ಹತ್ತಿರದ ಮೂರು ಏರ್ಪಾಡುಗಳಿವೆ.

ಮೊದಲನೆಯದು ಪರಿಹಾರಾತ್ಮಕ ಅರಣ್ಯೀಕರಣ. ಅರಣ್ಯ ಭೂಮಿಯನ್ನು ಗಣಿಗೋ ರಸ್ತೆಗೋ ಪಡೆದವರು ಬದಲಿ ಅರಣ್ಯ ಬೆಳೆಸುವ ವೆಚ್ಚವನ್ನೂ ಕಳೆದ ಅರಣ್ಯದ ಬೆಲೆಯನ್ನೂ ಕಟ್ಟಬೇಕು. ಈ ನಿಧಿಗೆ 2016ರಲ್ಲಿ ಕಾನೂನಾಯಿತು. 2018ರ ಸೆಪ್ಟೆಂಬರ್ 30ರಿಂದ ಜಾರಿಗೆ ಬಂದಿತು. ಹಣದ ಶೇಕಡ 90 ರಾಜ್ಯಗಳಿಗೆ, ಶೇಕಡ 10 ಕೇಂದ್ರಕ್ಕೆ. ಅದು ಅರಣ್ಯ ಇಲಾಖೆಯ ಮೂಲಕ ಖರ್ಚಾಗುತ್ತದೆ, ರೈತನಿಗೆ ಬೆಲೆಯಾಗಿ ಬರುವುದಿಲ್ಲ.

ಎರಡನೆಯದು ಹಸಿರು ಕ್ರೆಡಿಟ್ ಕಾರ್ಯಕ್ರಮ. ಇದರ ನಿಯಮಗಳು 2023ರ ಅಕ್ಟೋಬರಿನಲ್ಲಿ ಬಂದವು. ಸುಸ್ಥಿರ ಬೇಸಾಯದ ಹೆಸರೂ ಅದರ ಪಟ್ಟಿಯಲ್ಲಿದೆ. ಆದರೆ ಲೆಕ್ಕದ ಕ್ರಮ ಮುಖ್ಯವಾಗಿ ರೂಪುಗೊಂಡದ್ದು ಅರಣ್ಯ ಇಲಾಖೆ ಗುರುತಿಸಿಕೊಡುವ ಕ್ಷೀಣಿಸಿದ ಅರಣ್ಯ ಭೂಮಿಗೆ. 2024ರ ಫೆಬ್ರುವರಿಯ ಕ್ರಮದಂತೆ ಹೆಕ್ಟೇರಿಗೆ ಕನಿಷ್ಠ 1,100 ಮರ, ಮರಕ್ಕೊಂದು ಕ್ರೆಡಿಟ್ ಎಂದಿತ್ತು. 2025ರ ಆಗಸ್ಟಿನಲ್ಲಿ ಇದನ್ನು ತಿದ್ದಿ, 5 ವರ್ಷ ಕಾಪಾಡಿ ಶೇಕಡ 40ರಷ್ಟು ಮರದ ಹಂದರ ಮೂಡಿದ ನಂತರವೇ ಕ್ರೆಡಿಟ್ ಎಂದು ಮಾಡಲಾಯಿತು. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ಲೆಕ್ಕ ಎಂಬ ಈ ತಿದ್ದುಪಡಿ ಒಳ್ಳೆಯದೇ. ಆದರೆ ರೈತನ ಪಟ್ಟಾ ಜಮೀನಿಗೆ ಇದು ಅನ್ವಯಿಸುವುದಿಲ್ಲ.

ಮೂರನೆಯದು ಮಾನ್ಯತೆ ಪಡೆದ ಪರಿಹಾರಾತ್ಮಕ ಅರಣ್ಯೀಕರಣ. ಖಾಸಗಿಯವರೂ ಮುಂಚಿತವಾಗಿ ಮರ ಬೆಳೆಸಿಟ್ಟು, ಬದಲಿ ಅರಣ್ಯ ಬೇಕಾದವರಿಗೆ ಒದಗಿಸಲು 2022ರ ಅರಣ್ಯ ನಿಯಮಗಳಲ್ಲಿ ಅವಕಾಶವಾಯಿತು. ಸಾಮಾನ್ಯವಾಗಿ ಒಂದೇ ತಾಕಿನಲ್ಲಿ ಕನಿಷ್ಠ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ ಇರಬೇಕು. ಯಾವ ಋಣಭಾರವೂ ಇರಬಾರದು. ನಾಲ್ಕೈದು ಎಕರೆಯ ರೈತನಿಗೆ, ಪಹಣಿಯಲ್ಲಿ ಸೊಸೈಟಿ ಸಾಲದ ಬೋಜಾ ಇರುವವನಿಗೆ ಈ ಬಾಗಿಲು ತೆರೆದಿಲ್ಲವೆಂದೇ ತಿಳಿಯಬೇಕು. ಪರಿಹಾರಾತ್ಮಕ ಅರಣ್ಯೀಕರಣಕ್ಕೆ ಕೊಟ್ಟ ಅರಣ್ಯೇತರ ಭೂಮಿ ಅರಣ್ಯ ಇಲಾಖೆಯ ಹೆಸರಿಗೆ ಹೋಗಿ ಸಂರಕ್ಷಿತ ಅರಣ್ಯವೆಂದು ನಮೂದಾಗುವುದು ಸಾಮಾನ್ಯ ನಿಯಮವೆಂಬುದನ್ನೂ ಮರೆಯಬಾರದು.

ಮರವಿಲ್ಲದ ಭೂಮಿಯೆಲ್ಲ ಬಂಜರಲ್ಲ

ಲೆಕ್ಕವನ್ನು ಮರದಲ್ಲಿಯೇ ಮಾಡಿದರೆ ಈ ಸೀಮೆಗೆ ಇನ್ನೊಂದು ಅಪಾಯವಿದೆ. ನದಿಯಾಚೆಯ ಸಿರುಗುಪ್ಪ ತಾಲ್ಲೂಕಿನ ಎರೆ ಬಯಲು, ದೊರವಾಯನ ಹಕ್ಕಿ ಎಂದೂ ಎರೆಭೂತ ಎಂದೂ ಕರೆಯುವ ದೊಡ್ಡ ಹಕ್ಕಿ ಕರ್ನಾಟಕದಲ್ಲಿ ಉಳಿದಿರುವ ನೆಲೆ. ಅವು ಬೆರಳೆಣಿಕೆಯಷ್ಟು ಮಾತ್ರ. ಈ ಹಕ್ಕಿಗೆ ಬೇಕಾದದ್ದು ಬಯಲು ಹುಲ್ಲುಗಾವಲು ಮತ್ತು ಮಳೆಯಾಶ್ರಿತ ಹೊಲ, ದಟ್ಟ ಮರವಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ಸುಮಾರು 332 ಹೆಕ್ಟೇರಿನ ಧಾಮವಾಗಿದೆ. ಅದೂ ಕುರುಚಲು, ಕಲ್ಲುಗುಡ್ಡಗಳ ನೆಲವೇ. ಮಸ್ಕಿ, ಲಿಂಗಸುಗೂರು ಕಡೆಯ ಕಲ್ಲುಗುಡ್ಡ ಮತ್ತು ಗಾಯರಾಣಗಳನ್ನು ಪಾಳು ಎಂದು ಬರೆದು ಒತ್ತಾಗಿ ಸಸಿ ನೆಟ್ಟರೆ ಕ್ರೆಡಿಟ್ ಬರಬಹುದು. ಹುಲ್ಲು ಹೋಗುತ್ತದೆ, ಅದನ್ನು ನಂಬಿದ ಹಕ್ಕಿ ಹೋಗುತ್ತದೆ, ಕುರಿಗಾರನ ಮೇವೂ ಹೋಗುತ್ತದೆ. ಬಳ್ಳಾರಿ ಜಾಲಿ ಹಬ್ಬಿದ ನೆಲ ದೂರದಿಂದ ಹಸಿರಾಗಿಯೇ ಕಾಣುತ್ತದೆ. ಅದರ ಕೆಳಗೆ ಹುಲ್ಲು ಏಳುವುದಿಲ್ಲವೆಂಬುದು ಕುರಿ ಕಾಯುವವರಿಗೆ ಗೊತ್ತಿದೆ.

ಚೀಲದ ಲೆಕ್ಕ

ಕರಾರಿನ ಲಾಭನಷ್ಟವನ್ನು ರೂಪಾಯಿಯಲ್ಲಿ ನೋಡುವುದಕ್ಕಿಂತ ಚೀಲದಲ್ಲಿ ನೋಡುವುದು ಲೇಸು; ರೂಪಾಯಿಯ ಬೆಲೆ ವರ್ಷ ವರ್ಷಕ್ಕೆ ಇಳಿಯುತ್ತದೆ. ಉದಾಹರಣೆಗೆ, ರೈತನೊಬ್ಬನ ಒಂದು ಎಕರೆ ಅರೆ ಸವಳು ಗದ್ದೆಗೆ ಲಾವಣಿಯಾಗಿ ವರ್ಷಕ್ಕೆ 6 ಚೀಲ ಭತ್ತ ಬರುವುದೆಂದು ಹಿಡಿದರೆ, 30 ವರ್ಷಕ್ಕೆ 180 ಚೀಲವಾಯಿತು. ಯಾರಾದರೂ ಆ ಎಕರೆಯ ಹಸಿರಿಗೆ ಬೆಲೆ ಹೇಳಿದರೆ, ಆ ಬೆಲೆ 180 ಚೀಲಕ್ಕೂ 30 ವರ್ಷದ ಬೇಲಿ, ನೀರು, ಕಾವಲಿನ ಖರ್ಚಿಗೂ ಸಾಲುತ್ತದೆಯೇ ಎಂದು ನೋಡಬೇಕು. ಒಮ್ಮೆಲೇ ಬಂದ ದೊಡ್ಡ ಮೊತ್ತ ಮನೆ ಕಟ್ಟುವುದಕ್ಕೋ ಮದುವೆಗೋ ಮುಗಿದುಹೋಗಿ, ಕರಾರು ಮಾತ್ರ ಉಳಿಯುವ ಸಂಭವವಿದೆ.

ಇನ್ನೂ ಒಂದು ಮಾತು. ಸವಳು ಜವಳು ಎಂದೆಂದಿಗೂ ಹೋಗದ ರೋಗವಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಬಸಿಗಾಲುವೆ ತೆಗೆದರೆ, ಭೂಮಿಯೊಳಗೆ ಬಸಿ ಕೊಳವೆ ಹಾಕಿದರೆ, ಕ್ಷಾರ ಹೆಚ್ಚಿದ್ದಲ್ಲಿ ಜಿಪ್ಸಂ ಕೊಟ್ಟು ಹಸಿರೆಲೆ ಗೊಬ್ಬರ ಬೆಳೆದರೆ ಭೂಮಿ ಸುಧಾರಿಸುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಸಮಸ್ಯೆಯ ಮೇಲೆ ಕೆಲಸ ಮಾಡುತ್ತಿದೆ. ಇಂದಿನ 6 ಚೀಲ ನಾಳೆ ಹೆಚ್ಚಾಗಬಹುದು. ಕೆಟ್ಟ ಸ್ಥಿತಿಯಲ್ಲಿರುವಾಗ ಕಟ್ಟಿದ ಬೆಲೆಗೆ ಬಹುಕಾಲದ ಕರಾರು ಮಾಡಿಕೊಂಡವನು ಆ ಹೆಚ್ಚಳವನ್ನು ಕಳೆದುಕೊಳ್ಳುತ್ತಾನೆ.

ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಕರಾರು ಎಷ್ಟು ವರ್ಷದ್ದು? ಪಹಣಿಯಲ್ಲಿ ನಮೂದಾಗುತ್ತದೆಯೇ? ಮಕ್ಕಳ ಪಾಲಾದಾಗ ಅದರ ಗತಿಯೇನು?

2. ಕೊಳ್ಳುವವರು ಯಾವ ಕಾನೂನಿನ ಮೇರೆಗೆ ಕೊಳ್ಳುತ್ತಾರೆ? ಅರಣ್ಯ ಇಲಾಖೆಯ ಕಚೇರಿಯಲ್ಲಿ ಅದಕ್ಕೆ ದಾಖಲೆ ಇದೆಯೇ?

3. ಮಳೆ ಕೈಕೊಟ್ಟು, ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದೆ ಸಸಿ ಒಣಗಿದರೆ ನಷ್ಟ ಯಾರದು? ಪಡೆದ ಹಣ ಹಿಂದಿರುಗಿಸಬೇಕೆ?

4. ಸೌದೆ, ಮೇವು, ಹುಣಸೆ, ಬೇವಿನ ಬೀಜ ತೆಗೆದುಕೊಳ್ಳುವ ಹಕ್ಕು ಉಳಿಯುತ್ತದೆಯೇ?

5. ಜಮೀನು ಲಾವಣಿಗೆ ಕೊಟ್ಟಿದ್ದರೆ ಉಳುವವನಿಗೆ ಏನು ಸಿಗುತ್ತದೆ? ಮಾಲೀಕನ ಸಹಿಯೊಂದರಿಂದ ಅವನ ಅನ್ನ ಹೋಗಬಾರದು.

6. ಗಾಯರಾಣವಾದರೆ, ಕುರಿ ದನ ಮೇಯಿಸುವವರನ್ನು ಗ್ರಾಮಸಭೆಯಲ್ಲಿ ಕೇಳಿದ್ದಾರೆಯೇ?

ಇವುಗಳಿಗೆ ಬರಹದಲ್ಲಿ, ಕನ್ನಡದಲ್ಲಿ ಉತ್ತರ ದೊರೆಯದಿದ್ದರೆ ಸಹಿ ಬೇಡ. ಮುಂಗಡ ಶುಲ್ಕ ಕೇಳಿದವನನ್ನು ಬಾಗಿಲಿನಿಂದಲೇ ಕಳುಹಿಸಬೇಕು. "ಕೊಟ್ಟವ ಕೋಡಂಗಿ, ಈಸಿಕೊಂಡವ ವೀರಭದ್ರ" ಎಂಬ ಗಾದೆ ಹಣಕ್ಕಿಂತ ಭೂಮಿಗೆ ಹೆಚ್ಚು ಅನ್ವಯಿಸುತ್ತದೆ.

ಈಗಲೇ ಮಾಡಬಹುದಾದದ್ದು

ಭೂಮಿಯ ಹಕ್ಕನ್ನು ಕಟ್ಟಿಹಾಕದೆ ಹಸಿರಿಗೆ ಹಣ ಪಡೆಯುವ ದಾರಿಯೂ ಇದೆ. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ಪಡೆದು ನೆಟ್ಟ ರೈತನಿಗೆ, ಬದುಕಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನವಿದೆ. ಬದುವಿನ ಮೇಲೆ 100 ಸಸಿ ನೆಟ್ಟು 60 ಉಳಿಸಿದರೂ ಮೂರು ವರ್ಷದಲ್ಲಿ 7,500 ರೂಪಾಯಿ. ಮೊತ್ತ ದೊಡ್ಡದಲ್ಲ. ಆದರೆ ಹೊಲ ರೈತನದು, ಮರ ರೈತನದು, ಬದುವಿಗೆ ಗಟ್ಟಿತನ ಬೇರೆ. ಸವಳು ನೆಲಕ್ಕೆ ಹೊಂಗೆ, ಬೇವು, ಕರಿಜಾಲಿ ತಾಳಿಕೊಳ್ಳುತ್ತವೆ. ಸಸಿ ಪಡೆಯುವ ಮುನ್ನ ಹೆಸರು ನೋಂದಾಯಿಸುವುದನ್ನು ಮರೆಯಬಾರದು.

ಎರಡನೆಯದಾಗಿ, 2002ರ ಜೀವವೈವಿಧ್ಯ ಕಾನೂನಿನಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹುಲ್ಲು, ಹಕ್ಕಿ, ನಾಟಿ ತಳಿಗಳನ್ನು ಬರೆದಿಡುವ ಜನತಾ ದಾಖಲೆಯೂ ಇರಬೇಕು. ವಿಸ್ತರಣಾ ಕಾರ್ಯಕರ್ತರು ಆ ದಾಖಲೆಯನ್ನು ಕಚೇರಿಯಲ್ಲಿ ಕುಳಿತು ತುಂಬದೆ, ಹಿರಿಯ ರೈತರನ್ನೂ ಕುರಿಗಾರರನ್ನೂ ಹೊಲಗೆಲಸದ ಹೆಣ್ಣುಮಕ್ಕಳನ್ನೂ ಕೇಳಿ ಬರೆಯಿಸಬೇಕು. ನಾಳೆ ಸರಕಾರ ಹಸಿರನ್ನು ಕೊಳ್ಳುವುದೇ ಆದರೆ, ಊರಿನಲ್ಲಿ ಏನಿತ್ತು, ಏನು ಉಳಿದಿದೆ ಎಂಬುದಕ್ಕೆ ಆ ದಾಖಲೆಯೇ ಸಾಕ್ಷಿಯಾಗುತ್ತದೆ.

ಕ್ರೆಡಿಟ್ ಮಾರುವುದು ತಪ್ಪೆಂದಾಗಲಿ, ಸರಕಾರ ಕೊಳ್ಳಬಾರದೆಂದಾಗಲಿ ಇದರ ಅರ್ಥವಲ್ಲ. ಬದುವಿನ ಮರವನ್ನೂ ಬಯಲಿನ ಹುಲ್ಲನ್ನೂ ಇಷ್ಟುಕಾಲ ಕಾಯ್ದ ರೈತನಿಗೆ ಅದರ ಬೆಲೆ ಸಲ್ಲುವುದು ನ್ಯಾಯವೇ. ಆದರೆ ಭತ್ತ ಮಾರುವವನು ಒಂದು ಹಂಗಾಮಿನ ಫಸಲನ್ನು ಮಾರುತ್ತಾನೆ. ಕ್ರೆಡಿಟ್ ಮಾರುವವನು ಮುಂದಿನ ಮೂವತ್ತು ಹಂಗಾಮುಗಳ ಮಾತನ್ನು, ಒಮ್ಮೊಮ್ಮೆ ಮಕ್ಕಳ ಮೊಮ್ಮಕ್ಕಳ ಕಾಲದ ಮಾತನ್ನು ಮಾರುತ್ತಾನೆ. ಆದುದರಿಂದ ಮನೆಯವರೆಲ್ಲರೂ ಕುಳಿತು, ಕಾಗದ ಓದಿಸಿ ಕೇಳಿ, ಚೀಲದ ಲೆಕ್ಕ ಹಾಕಿದ ನಂತರವೇ ಮುಂದುವರಿಯುವುದು ಕ್ಷೇಮಕರ.