ಋತುಗಳೊಡನೆ ಬದಲಾಗುವ ಇರುಳಿನ ಆಕಾಶ

ಮೃಗಶಿರಾ ಮಳೆ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಮುಂಬಯಿ, ದೆಹಲಿಗಳಲ್ಲಿ ನೆಲೆಸಿದವರೂ ಊರಿನ ಸುದ್ದಿಯೊಡನೆ ಈ ಹೆಸರನ್ನು ಕೇಳಿರುತ್ತಾರೆ. ಆದರೆ ಜೂನ್ ತಿಂಗಳಲ್ಲಿ ಆ ಮಳೆ ಸುರಿಯುವಾಗ, ಮೋಡ ಸರಿದರೂ ಮೃಗಶಿರಾ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಇದರ ಕಾರಣವನ್ನು ಅರಿತರೆ ಇರುಳಿನ ಆಕಾಶ ಋತುಗಳೊಡನೆ ಬದಲಾಗುವ ಬಗೆಯೂ ತಿಳಿಯುತ್ತದೆ.

ಭೂಮಿಯು ಸೂರ್ಯನನ್ನು ಸುತ್ತುತ್ತಿರುವುದರಿಂದ, ಸೂರ್ಯನು ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು 1 ಡಿಗ್ರಿಯಷ್ಟು ಪೂರ್ವಕ್ಕೆ ಸರಿದಂತೆ ತೋರುತ್ತಾನೆ. ಈ ಪಥವನ್ನು ಪ್ರಾಚೀನರು 27 ನಕ್ಷತ್ರಗಳಾಗಿ ವಿಂಗಡಿಸಿದರು. ಒಂದೊಂದರಲ್ಲಿಯೂ ಸೂರ್ಯನು 13-14 ದಿನ ಇರುತ್ತಾನೆ. ಅವನಿರುವ ನಕ್ಷತ್ರದ ಹೆಸರೇ ಮಳೆಯ ಹೆಸರು. ಆ ನಕ್ಷತ್ರ ಸೂರ್ಯನೊಡನೆ ಹಗಲಿನಲ್ಲಿಯೇ ಉದಯಿಸಿ ಹಗಲಿನಲ್ಲಿಯೇ ಅಸ್ತಮಿಸುತ್ತದೆ.

ಮಾಸಗಳ ಹೆಸರು ಇದಕ್ಕೆ ವಿರುದ್ಧವಾದುದು. ಹುಣ್ಣಿಮೆಯ ಚಂದ್ರನು ಸೂರ್ಯನಿಗೆ ಎದುರಾಗಿರುತ್ತಾನೆ. ಅವನ ಬಳಿಯ ನಕ್ಷತ್ರದಿಂದ ಮಾಸಕ್ಕೆ ಹೆಸರು ಬಂದಿದೆ. ಮೃಗಶಿರಾ ಮಳೆ ಕಳೆದು ಆರು ತಿಂಗಳಿಗೆ ಮಾರ್ಗಶಿರ ಮಾಸ ಬರುತ್ತದೆ. ಆಗ ಆ ನಕ್ಷತ್ರ ಸಂಜೆ ಪೂರ್ವದಲ್ಲಿ ಮೂಡಿ ಇರುಳೆಲ್ಲ ಬೆಳಗುತ್ತದೆ. ಹೀಗೆ ಮಳೆಯ ಹೆಸರು ಮರೆಯಾದ ನಕ್ಷತ್ರವನ್ನು, ಮಾಸದ ಹೆಸರು ಎದ್ದು ಕಾಣುವ ನಕ್ಷತ್ರವನ್ನು ಸೂಚಿಸುತ್ತದೆ.

ಪ್ರತಿಯೊಂದು ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ, ತಿಂಗಳಿಗೆ 2 ಗಂಟೆ ಮುಂಚಿತವಾಗಿ ಉದಯಿಸುತ್ತದೆ. ಆದುದರಿಂದ ಚಳಿಗಾಲದ ಇರುಳಿನಲ್ಲಿ ಕೃತ್ತಿಕಾ, ರೋಹಿಣಿ, ಆರ್ದ್ರಾ ಹಾಗೂ ಉಜ್ವಲವಾದ ಲುಬ್ಧಕ ಕಾಣಿಸಿಕೊಳ್ಳುತ್ತವೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉತ್ತರಕ್ಕೆ ಸಪ್ತರ್ಷಿ ಮಂಡಲ ಮೇಲೇರಿದರೆ, ಚಿತ್ತಾ, ಸ್ವಾತಿಗಳು ನಡುಬಾನಿನತ್ತ ಸಾಗುತ್ತವೆ. ಜುಲೈನಲ್ಲಿ ಮೋಡಗಳೆಡೆಯಲ್ಲಿ ದಕ್ಷಿಣಕ್ಕೆ ಕೆಂಪಾದ ಜ್ಯೇಷ್ಠಾ, ಸೆಪ್ಟೆಂಬರಿನಲ್ಲಿ ನೆತ್ತಿಯ ಸಮೀಪಕ್ಕೆ ಶ್ರವಣ ಬರುತ್ತವೆ.

ಊರು ಬದಲಾದರೂ ಆಕಾಶದ ನೋಟ ತುಸು ಬದಲಾಗುತ್ತದೆ. ಧ್ರುವ ನಕ್ಷತ್ರವು ಚೆನ್ನೈಯಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಮುಂಬಯಿಯಲ್ಲಿ 19 ಡಿಗ್ರಿ, ದೆಹಲಿಯಲ್ಲಿ 28 ಡಿಗ್ರಿಗೂ ಹೆಚ್ಚು ಎತ್ತರದಲ್ಲಿರುತ್ತದೆ. ಫೆಬ್ರವರಿಯ ಮೊದಲ ವಾರಗಳಲ್ಲಿ ರಾತ್ರಿ 9 ಗಂಟೆಯ ಸುಮಾರಿಗೆ ದಕ್ಷಿಣದಲ್ಲಿ ಕಾಣುವ ಅಗಸ್ತ್ಯ ನಕ್ಷತ್ರವಾದರೋ, ಚೆನ್ನೈಯಲ್ಲಿ 24 ಡಿಗ್ರಿಯವರೆಗೆ ಏರುತ್ತದೆ. ದೆಹಲಿಯಲ್ಲಿ 9 ಡಿಗ್ರಿಯನ್ನೂ ಮುಟ್ಟುವುದಿಲ್ಲ.

ಇಂದು ಮಹಾನಗರಗಳ ದೀಪಗಳ ಬೆಳಕಿನಲ್ಲಿ ಆಕಾಶಗಂಗೆ ಅಳಿಸಿಹೋಗಿದೆ. ಇರುಳಿನ ಕತ್ತಲೆಯೂ ರಕ್ಷಿಸತಕ್ಕ ಸಂಪತ್ತೆಂಬ ಅರಿವಿನಿಂದಲೇ 2022ರಲ್ಲಿ ಲಡಾಖಿನ ಹಾನ್ಲೆ ಪ್ರದೇಶವನ್ನು ಕತ್ತಲಾಕಾಶ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆದರೂ ಪ್ರಕಾಶಮಾನವಾದ ತಾರೆಗಳು ನಗರದ ಮಾಳಿಗೆಯಿಂದ ಈಗಲೂ ಕಾಣುತ್ತವೆ. ಮಾಳಿಗೆಯ ದೀಪವನ್ನು ಆರಿಸಿ, ವಾರಕ್ಕೊಮ್ಮೆ ಅದೇ ಹೊತ್ತಿಗೆ ಒಂದೇ ನಕ್ಷತ್ರವನ್ನು ಮಕ್ಕಳಿಗೆ ತೋರಿಸಿದರೆ, ಅದು ಪಶ್ಚಿಮಕ್ಕೆ ಸರಿಯುವುದನ್ನು ಅವರೇ ಕಂಡುಕೊಳ್ಳುವರು. ಅಜ್ಜ ಅಜ್ಜಿಯರ ಬಾಯಲ್ಲಿದ್ದ ಮಳೆಯ ಹೆಸರುಗಳು ಆಗ ಅವರಿಗೆ ಬರಿಯ ಮಾತಾಗಿ ಉಳಿಯದೆ, ಕಣ್ಣಾರೆ ಕಂಡ ನಕ್ಷತ್ರಗಳಾಗುವುವು.