ತಾಳ ತಪ್ಪಿದ ಇಂಜಿನ್ನು



ಸಂಗೀತದ ಕಚೇರಿಯಲ್ಲಿ ಗಾಯಕರ ಶಾರೀರವು ಇಂಪಾಗಿದ್ದು, ಮೃದಂಗದವರ ಕೈಯೂ ಪಳಗಿದ್ದು, ಆದರೂ ಎಡುಪಿನಲ್ಲಿ ಅರೆ ಅಕ್ಷರದಷ್ಟು ವ್ಯತ್ಯಾಸ ಬಿದ್ದರೆ ಕೇಳುವವರ ಪಾಡೇನಾಗುವುದೆಂಬುದನ್ನು ತಾವೆಲ್ಲರೂ ಬಲ್ಲಿರಿ. ಮೋಟಾರು ಬಂಡಿಯ ಇಂಜಿನ್ನಿಗೂ ಇಂತಹುದೇ ಒಂದು ವ್ಯಾಧಿಯುಂಟು. ಅದರ ಅಂಗಗಳಲ್ಲಿ ಯಾವುದೂ ಮುರಿದಿರುವುದಿಲ್ಲ. ಆದರೆ ಆಗಬೇಕಾದ ಕೆಲಸವು ಆಗಬೇಕಾದ ಗಳಿಗೆಯಲ್ಲಿ ಆಗುವುದಿಲ್ಲ. ಗ್ಯಾರೇಜಿನವರು ಇದನ್ನು ‘ಟೈಮಿಂಗ್ ಹೋಗಿದೆ’ ಎಂದು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಎಲ್ಲಿಗೆ ಹೋಗಿದೆ, ಏಕೆ ಹೋಗಿದೆ ಎಂಬುದನ್ನು ಹುಡುಕುವುದೇ ಕಷ್ಟ.

ನಾವು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವರು. ಕೈಗೆ ಎಣ್ಣೆ ಹತ್ತಿಸಿಕೊಂಡವರಲ್ಲ. ಈ ವಿಷಯ ನಮ್ಮ ಪಾಲಿಗೆ ಬಂದುದು ನೆರೆಮನೆಯವರೊಬ್ಬರ ಪಿಕಪ್ ಬಂಡಿಯಿಂದ. ಅವರು ಪೀಣ್ಯದ ಎರಡನೆಯ ಹಂತದ ಲೇತ್ ಕಾರ್ಖಾನೆಗಳಿಂದ ಕಡೆದ ಬಿಡಿಭಾಗಗಳನ್ನು ತುಂಬಿಕೊಂಡು ಬೊಮ್ಮಸಂದ್ರಕ್ಕೂ ಹೊಸೂರಿಗೂ ಸಾಗಿಸಿ ಜೀವನ ಮಾಡುತ್ತಿದ್ದರು. ಬಂಡಿಯ ಮೇಲೆ ಸಾಲವಿತ್ತು; ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ಬಂಡಿಯಾದರೋ ೨ ಲಕ್ಷ ೭೦ ಸಾವಿರ ಕಿಲೋಮೀಟರು ಓಡಿತ್ತು. ಓಡಿದ್ದು ಅಷ್ಟೇ, ದುಡಿದದ್ದು ಅದಕ್ಕಿಂತ ಹೆಚ್ಚು. ಮೈಲಿಗಲ್ಲು ಎಣಿಸುವ ಯಂತ್ರವು ಚಕ್ರ ಉರುಳಿದುದನ್ನು ಮಾತ್ರ ಎಣಿಸುತ್ತದೆ. ನಿಂತಲ್ಲೇ ಇಂಜಿನ್ನು ತಿರುಗಿದ ಹೊತ್ತು ಅದರ ಲೆಕ್ಕಕ್ಕೆ ಬಾರದು. ೨೦೨೧ರ ಡಿಸೆಂಬರಿನಲ್ಲಿ ತುಮಕೂರು ರಸ್ತೆಯ ಮೇಲುಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದಾಗ, ಗೊರಗುಂಟೆಪಾಳ್ಯದಿಂದ ಎಂಟನೆಯ ಮೈಲಿಯವರೆಗೆ ಕೆಳಗಿನ ರಸ್ತೆಯಲ್ಲಿ ತೆವಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂಡಿಯ ಇಂಧನದ ಪಂಪು ಸೋರುತ್ತಿತ್ತೆಂದು ಒಂದು ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ದುರಸ್ತಿ ಮಾಡಿಸಿ, ಮರಳಿ ಕೂರಿಸಿದರು. ಸೋರುವುದು ನಿಂತಿತು, ಬೇರೆ ಉಪದ್ರವ ಮೊದಲಾಯಿತು. ಬೆಳಗಿನ ಚಳಿಯಲ್ಲಿ ಇಂಜಿನ್ನು ಹತ್ತು ಸಲ ಗೊಣಗಿ ಏಳುವುದು, ಎದ್ದೊಡನೆ ಕಣ್ಣುರಿಯುವಂತಹ ಬಿಳಿಯ ಹೊಗೆಯನ್ನು ಬೀದಿಗೆಲ್ಲ ತುಂಬುವುದು, ಬಿಸಿಯಾದ ಮೇಲೆ ಹೊಗೆ ಇಳಿದರೂ ಏರಿನಲ್ಲಿ ಹೊರೆ ಎಳೆಯಲಾರದೆ ಸೊರಗುವುದು. ಗ್ಯಾರೇಜಿನವರು ಇಂಜಿನ್ನಿನ ಆಯುಸ್ಸು ಮುಗಿಯಿತೆಂದೂ ಪೂರ್ತಿ ಬಿಚ್ಚಿ ಬೋರು ಹೊಡೆಸಬೇಕೆಂದೂ ಹೇಳಿದರು. ಅದರ ವೆಚ್ಚ ಆರು ತಿಂಗಳ ಕಂತಿಗೆ ಸಮನಾಗಿತ್ತು. ನೆರೆಯವರು ನಮ್ಮನ್ನು ವಿದ್ಯಾವಂತರೆಂದು ನಂಬಿ ಸಲಹೆ ಕೇಳಿದರು.

ಇಲ್ಲಿ ಇಂಜಿನ್ನಿನ ವ್ಯಾಪಾರವನ್ನು ಸ್ವಲ್ಪ ವಿವರಿಸಬೇಕು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಪಿಸ್ಟನ್ನು ಮೇಲೇರುತ್ತ ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಅದರಿಂದ ಗಾಳಿ ಐನೂರು ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆ ಗಳಿಗೆಗೆ ಸರಿಯಾಗಿ, ಪಿಸ್ಟನ್ನು ಶಿಖರ ಮುಟ್ಟುವುದಕ್ಕೆ ತುಸು ಮುಂಚೆ, ಪಂಪು ಇಂಧನವನ್ನು ಚಿಮ್ಮಿಸಬೇಕು. ಮುಂಚಿತವಾಗಿ ಚಿಮ್ಮಿದರೆ ಇಂಜಿನ್ನು ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡುತ್ತದೆ. ತಡವಾದರೆ ಪಿಸ್ಟನ್ನು ಆಗಲೇ ಇಳಿಯತೊಡಗಿ, ಗಾಳಿ ತಣಿಯುತ್ತಿದ್ದು, ಇಂಧನವು ಅರೆಬರೆ ಉರಿದು ಬಿಳಿಯ ಹೊಗೆಯಾಗಿ ಹೊರಬೀಳುತ್ತದೆ. ಇದಲ್ಲದೆ ಗಾಳಿ ಬರುವ, ಹೊಗೆ ಹೋಗುವ ಕವಾಟಗಳಿಗೂ ಬೇರೊಂದು ವೇಳೆಯಿದೆ. ಕ್ರ್ಯಾಂಕು ದಂಡವು ಎರಡು ಸುತ್ತು ಸುತ್ತಿದರೆ ಕವಾಟಗಳನ್ನು ತೆರೆಯುವ ಕ್ಯಾಮು ದಂಡವು ಒಂದು ಸುತ್ತು ಸುತ್ತಬೇಕು. ಇವೆರಡನ್ನೂ ಹಲ್ಲುಚಕ್ರವೋ ಸರಪಣಿಯೋ ಪಟ್ಟಿಯೋ ಬಿಗಿದಿರುತ್ತದೆ. ಕ್ಯಾಮಿನ ಚಕ್ರಕ್ಕೆ ೪೦ ಹಲ್ಲುಗಳಿದ್ದರೆ, ಒಂದೇ ಹಲ್ಲು ಜಾರಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ ೧೮ ಡಿಗ್ರಿ ತಪ್ಪಿದಂತಾಯಿತು.

ನಾವು ಪುಸ್ತಕ ಓದಿದವರ ಠೀವಿಯಿಂದ ಬಂಡಿಯ ಕೈಪಿಡಿಯನ್ನು ತರಿಸಿದೆವು. ಇಂಜಿನ್ನಿನ ಮುಂದುಗಡೆ ಕ್ರ್ಯಾಂಕಿನ ಗಾಲಿಯ ಅಂಚಿನಲ್ಲಿ ಒಂದು ಗೀರು ಕೊರೆದಿರುತ್ತದೆ. ಅದು ಮೊಳೆಯಂತಹ ಸೂಚಿಗೆ ಎದುರಾದಾಗ ಮೊದಲನೆಯ ಪಿಸ್ಟನ್ನು ಶಿಖರದಲ್ಲಿದೆಯೆಂದು ಅರ್ಥ. ಪರೀಕ್ಷಿಸಿದೆವು. ಗೀರಿಗೆ ಸರಿಯಾಗಿಯೇ ಪಂಪನ್ನು ಕೂರಿಸಿದ್ದರು. ಟೈಮಿಂಗ್ ನಿರ್ದೋಷವೆಂದು ತೀರ್ಪಿತ್ತು, ಬೋರು ಹೊಡೆಸುವುದೇ ಸರಿಯೆಂದು ನಾವೂ ತಲೆಯಾಡಿಸಿದೆವು. ಈ ಮಾತನ್ನು ಇಂದು ನೆನೆದರೂ ನಮಗೆ ನಾಚಿಕೆಯಾಗುತ್ತದೆ.

ಪುಣ್ಯಕ್ಕೆ ನೆರೆಯವರು ಹಣ ಹೊಂದಿಸಲು ಒಂದು ವಾರ ತಡಮಾಡಿದರು. ಅಷ್ಟರಲ್ಲಿ ಜಾಲಹಳ್ಳಿ ಕ್ರಾಸಿನ ಬಳಿಯ ವೃದ್ಧ ಮೆಕ್ಯಾನಿಕ್ಕರೊಬ್ಬರ ಸುದ್ದಿ ಬಂತು. ಅವರು ಹರೆಯದಿಂದಲೂ ಡೀಸೆಲ್ ಪಂಪುಗಳಲ್ಲೇ ಕೈ ಸವೆಸಿದವರು. ೧೯೫೧ರಲ್ಲಿ ಸ್ಥಾಪಿತವಾದ ಮೈಕೊ ಕಂಪನಿಯು ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಇಂಧನದ ಪಂಪುಗಳನ್ನೂ ತಯಾರಿಸತೊಡಗಿದ ಮೇಲೆ ಈ ವಿದ್ಯೆ ಬಲ್ಲವರ ಒಂದು ಪರಂಪರೆಯೇ ಈ ನಗರದಲ್ಲಿ ಬೆಳೆದಿದೆಯೆನ್ನಬಹುದು.

ಅವರು ಸಲಕರಣೆ ಮುಟ್ಟುವ ಮೊದಲು ಪ್ರಶ್ನೆಗಳನ್ನು ಕೇಳಿದರು. ರೇಡಿಯೇಟರಿನ ನೀರು ಇಳಿಯುತ್ತಿದೆಯೆ? ಇಲ್ಲ. ಹಾಗಾದರೆ ಆ ಬಿಳಿಯ ಹೊಗೆ ನೀರಿನ ಹಬೆಯಲ್ಲ. ಇಂಜಿನ್ ಎಣ್ಣೆ ತಿನ್ನುತ್ತಿದೆಯೆ, ನೀಲಿ ಹೊಗೆ ಕಂಡಿತೆ? ಇಲ್ಲ. ಹಾಗಾದರೆ ಉಂಗುರಗಳ ಮೇಲೆ ಅನುಮಾನ ಕಡಿಮೆ. ಪಂಪು ಬಿಚ್ಚುವ ಮೊದಲೂ ಈ ಹೊಗೆ ಇತ್ತೆ? ಇರಲಿಲ್ಲ. ಇದನ್ನು ಕೇಳಿ ಅವರು ತಮ್ಮಷ್ಟಕ್ಕೆ ನಕ್ಕರು. ಡೀಸೆಲ್ ಸೋಸುವ ಬಟ್ಟಲಿನಲ್ಲಿ ನೀರಿದೆಯೇ, ಕೊಳವೆಗಳಲ್ಲಿ ಗಾಳಿ ಸೇರಿದೆಯೇ ಎಂದು ನೋಡಿದರು. ಅನಂತರ ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಅಳೆದರು. ನಾಲ್ಕೂ ಹೆಚ್ಚುಕಡಿಮೆ ಸಮನಾಗಿ, ಬೇಕಾದಷ್ಟು ಇದ್ದವು. ಒತ್ತಡ ಹೀಗಿರಬೇಕಾದರೆ ಉಂಗುರಗಳೂ ಕವಾಟಗಳ ವೇಳೆಯೂ ಕೆಟ್ಟಿರಲಾರವು. ಕೆಟ್ಟಿರುವುದು ಚಿಮ್ಮುವ ವೇಳೆಯೊಂದೇ.

ಗೀರಿಗೆ ಸರಿಯಾಗಿದೆಯಲ್ಲವೇ ಎಂದು ನಾವು ವಾದಿಸಿದೆವು. ಅವರು ಶಾಂತವಾಗಿ, “ಗೀರೇ ಸುಳ್ಳು ಹೇಳಿದರೆ?” ಎಂದರು.

ಸಂಗತಿ ಹೀಗಿದೆ. ಆ ಗಾಲಿ ಒಂದೇ ಕಬ್ಬಿಣದ ತುಂಡಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ, ಅದಿರಾಟವನ್ನು ತಡೆಯಲೆಂದು ರಬ್ಬರಿನ ಪದರವಿರುತ್ತದೆ. ವರ್ಷಗಳ ಕಾವಿಗೂ ಎಣ್ಣೆಗೂ ರಬ್ಬರು ಸಡಿಲಿ ಹೊರಬಳೆ ಮೆಲ್ಲಗೆ ಹಿಂದೆ ಸರಿಯುವುದುಂಟು. ಗೀರು ಇರುವುದು ಆ ಹೊರಬಳೆಯಲ್ಲಿ! ಅದು ಸೂಚಿಯನ್ನು ಮುಟ್ಟುವ ಹೊತ್ತಿಗೆ ಪಿಸ್ಟನ್ನು ಶಿಖರವನ್ನು ದಾಟಿರುತ್ತದೆ.

ನಿಜವಾದ ಶಿಖರವನ್ನು ಕಂಡುಹಿಡಿಯುವ ಅವರ ಉಪಾಯವನ್ನು ನಾವು ಮುಂದೆ ತರಗತಿಯಲ್ಲಿ ಅನೇಕ ಸಲ ಬಳಸಿಕೊಂಡಿದ್ದೇವೆ. ಶಿಖರದ ಬಳಿ ಕ್ರ್ಯಾಂಕು ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ಕೂದಲೆಳೆಯಷ್ಟೂ ಚಲಿಸಿದಂತೆ ತೋರುವುದಿಲ್ಲ. ಆದುದರಿಂದ ನೇರವಾಗಿ ನೋಡಿ ಶಿಖರವನ್ನು ಗುರುತಿಸಲಾಗದು. ಅವರು ನಾಲ್ಕು ಸಿಲಿಂಡರುಗಳ ಇಂಧನದ ಮೂತಿಗಳನ್ನೂ ಬಿಚ್ಚಿ, ಮೊದಲನೆಯದರ ರಂಧ್ರದಲ್ಲಿ ಒಂದು ಹಿತ್ತಾಳೆಯ ಕಡ್ಡಿಯನ್ನು, ಪಿಸ್ಟನ್ನು ಶಿಖರಕ್ಕೆ ಬರುವ ಮುಂಚೆಯೇ ತಡೆಯುವಂತೆ ಭದ್ರವಾಗಿ ನಿಲ್ಲಿಸಿದರು. ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ಬಲಕ್ಕೆ ತಿರುಗಿಸಿದರು. ಪಿಸ್ಟನ್ನು ಕಡ್ಡಿಗೆ ತಾಗಿ ನಿಂತಿತು. ಸೂಚಿಯೆದುರು ಗಾಲಿಯ ಮೇಲೆ ಸುಣ್ಣದ ಗುರುತು ಹಾಕಿದರು. ಎಡಕ್ಕೆ ತಿರುಗಿಸಿದರು, ಮತ್ತೆ ತಾಗಿತು, ಮತ್ತೊಂದು ಗುರುತು. ಎರಡು ಗುರುತುಗಳ ನಟ್ಟನಡುವೆ ಇರುವುದೇ ದಿಟವಾದ ಶಿಖರ. ಕಂಪನಿಯ ಗೀರು ಅಲ್ಲಿಂದ ಒಂದು ಬೆರಳಗಲ ಆಚೆಗಿತ್ತು. ಸುಮಾರು ೧೮ ಸೆಂಟಿಮೀಟರು ಅಡ್ಡಳತೆಯ ಗಾಲಿಯಲ್ಲಿ ಅದು ಎಂಟು ಡಿಗ್ರಿ. ನಿಮಿಷಕ್ಕೆ ೨೦೦೦ ಸುತ್ತು ತಿರುಗುವಾಗ ಎಂಟು ಡಿಗ್ರಿಯೆಂದರೆ ಒಂದು ಸೆಕೆಂಡಿನ ೧೫೦೦ರಲ್ಲಿ ಒಂದು ಭಾಗ. ಒಂದು ಸಂಸಾರದ ಆರು ತಿಂಗಳ ಕಂತು ಅಷ್ಟರಲ್ಲಿ ಅಡಗಿತ್ತು.

ಈ ಪರೀಕ್ಷೆಯಲ್ಲಿ ಎಂದಿಗೂ ಸ್ಟಾರ್ಟರನ್ನು ಮುಟ್ಟಬಾರದೆಂದು ಅವರು ಎರಡು ಸಲ ಎಚ್ಚರಿಸಿದರು. ಪಟ್ಟಿಯೋ ಸರಪಣಿಯೋ ಜಾರಿರಬಹುದೆಂಬ ಸಂಶಯವಿದ್ದಾಗಲೂ ಇದೇ ನಿಯಮ: ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗಿದರೆ ಸಣ್ಣ ದುರಸ್ತಿ ದೊಡ್ಡದಾಗುವುದು.

ಈಗಿನ ಹೊಸ ಬಂಡಿಗಳಲ್ಲಿ ಚಿಮ್ಮುವ ವೇಳೆಯನ್ನು ವಿದ್ಯುತ್ ಮೆದುಳೊಂದು ನಿರ್ಣಯಿಸುತ್ತದೆ. ಪಂಪಿನ ಮೈಯನ್ನು ತಿರುಗಿಸುವ ಕೆಲಸವಿಲ್ಲ. ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಿಕೆ ತಪ್ಪಿದರೆ ಪರೀಕ್ಷಾಯಂತ್ರದಲ್ಲಿ ಪಿ-೦೦೧೬ ಎಂಬ ಸಂಕೇತ ಮೂಡುವುದುಂಟು. ಅದನ್ನು ಕಂಡೊಡನೆ ಸರಪಣಿ ಬದಲಿಸುವವರು ಬಹಳ. ಆದರೆ ಸಂವೇದಕದ ತಂತಿ ಸಡಿಲವಾದರೂ, ಎಣ್ಣೆಯ ಒತ್ತಡ ಕುಗ್ಗಿದರೂ ಅದೇ ಸಂಕೇತ ಬರಬಹುದು. ಸರಪಣಿ ಸಡಿಲಿದೆಯೆ ಎಂಬುದನ್ನು ತಿಳಿಯಲು, ಕ್ರ್ಯಾಂಕನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಆಡಿಸಿ, ಕ್ಯಾಮು ಕದಲುವ ಮುನ್ನ ಅದು ಎಷ್ಟು ದೂರ ವ್ಯರ್ಥವಾಗಿ ತಿರುಗಿತೆಂದು ನೋಡುವ ಹಳೆಯ ಕ್ರಮ ಈಗಲೂ ನಡೆಯುತ್ತದೆ.

ಆ ಸಂಜೆ ಮೆಕ್ಯಾನಿಕ್ಕರು ನಿಜವಾದ ಶಿಖರಕ್ಕೆ ಹೊಂದಿಸಿ, ಡಯಲ್ ಮಾಪಕವನ್ನು ಪಂಪಿಗೆ ಕೂರಿಸಿ, ಪಂಪಿನ ಮೈಯನ್ನು ತುಸುವೇ ಓರೆ ಮಾಡಿ ಬಿಗಿದರು. ಗಾಲಿಯ ರಬ್ಬರು ಇನ್ನೂ ಸರಿಯುವುದರಿಂದ ಗಾಲಿಯನ್ನೇ ಬದಲಿಸಬೇಕೆಂದೂ, ಅಲ್ಲಿಯತನಕ ಹಳೆಯ ಗೀರನ್ನು ಯಾರೂ ನಂಬಕೂಡದೆಂದೂ ಹೇಳಿ, ಅದರ ಮೇಲೆ ಕೆಂಪು ಬಣ್ಣ ಬಳಿದರು. ಕೂಲಿಯೆಂದು ಅವರು ಕೇಳಿದುದು ಒಂದು ದಿನದ ಬಾಡಿಗೆಯಷ್ಟು.

ಮಾರನೆಯ ಬೆಳಗಿನ ಐದೂವರೆ ಗಂಟೆಗೆ ನಾವು ಕಿಟಕಿಯ ಬಳಿ ನಿಂತಿದ್ದೆವು. ಇಂಜಿನ್ನು ಮೊದಲನೆಯ ತಿರುವಿಗೇ ಎದ್ದಿತು. ಹೊಗೆ ಒಂದು ಎಳೆಯಷ್ಟು ಕಂಡು ಮಾಯವಾಯಿತು. ನೆರೆಯವರು ನಮ್ಮ ಕಡೆಗೆ ಕೈಯೆತ್ತಿ, ಹೊಸೂರಿನ ಸರಕಿಗೆ ಹೊತ್ತಾಯಿತೆಂದು ಹೊರಟುಹೋದರು.